ಕೆಂಚು ಕುರಿಯ ತುಪ್ಪಟ

ಬೇಡ ಕಣಕ್ಕಾ, ಮಜ್ಜಿಗೆ ಬೇಡ... ನಿನ್ನ ಗಂಡನ್ನ ನೇಣಿನ ತನಕ ಕಳಿಸಿದ ಬಾಯಿ ಇದು. ಇದಕ್ಯಾಕೆ ಮಜ್ಜಿಗೆ? ಅಲ್ಲಿಡು. ಕೂತ್ಕೋ ಓಬಳಕ್ಕಾ.

ಎಲ್ಲಿಗೆ ಹೋಗಿದ್ದೆ ಅಂತೀಯಾ? ವಳ್ಳೂರು ಕಡೆ, ಕುರಿ ಕತ್ತರಿಸೋಕೆ. ಅಲ್ಲೇ ಕಿವಿಗೆ ಬಿತ್ತು. ‘ಉರಿ ಅಂಟ’, ಭಾವನಿಗೆ ನೇಣಂತೆ ಅಂತ ತೆಲುಗಲ್ಲಿ ಮಾತಾಡ್ಕೊಂಡ್ರು. ನಂಗೆ ತೆಲುಗು ಬರಲ್ಲ ಅನ್ನೋ ಹಂಗೆ ಕೂತಿದ್ದೆ... ಎಷ್ಟೊತ್ತು ಅಂತ ಕೂತಿರ್ಲಿ? ಎದ್ದು ಬಂದ್ಬುಟ್ಟೆ.

ನಾನೇನು ಮಾಡ್ಲಿ ಹೇಳು! ಪರ್ವತಯ್ಯ ಸಿರಾ ಸಂತೆಯಿಂದ ಬರ್ತಾ ಹಾದೀಲಿ ಹೆಣವಾಗಿದ್ದ, ಯಾರೋ ಕೊಂದು ಹಾಕಿದ್ರು. ಮುಷ್ಟೀಲಿ ನಾಕು ಎಳೆ ಉಣ್ಣೆ, ಕೊಂದೋನ ಕಂಬಳಿಯಿಂದ ಕಿತ್ತದ್ದು. ಕರಿ ಎಳೆ, ಅದರ ಜೊತೆ ಕೆಂಚು ಎಳೆ ಸೇರಿಸಿ ಹುರಿ ಹಾಕಿದ್ದು. ದಫೇದಾರ್ರು ನನ್ನ ಕರೆಸಿದ್ರು. ‘ಲೇ ತಿಮ್ಮರಾಯ, ಊರೂರು ತಿರುಗಿ ಕುರಿ ಕತ್ತರಿಸೋನು ನೀನು. ಇದು ಯಾವ ಕುರೀದೋ ಹೇಳ್ಲಾ’ ಅಂದ್ರು. ಬೆರಳಲ್ಲಿ ಉಜ್ಜಿದೆ. ಮೂಗಿಗೆ ಹಿಡಿದೆ. ನೂಲಿಗೆ ಹಾಕೋ ಹುಣಸೆಬೀಜದ ಗಂಜಿ, ಒಂಚೂರು ಸೀದದ್ದು... ಹಂಗೆ ಸೀಯಿಸ್ತಿದ್ದೋನು ಗೌಡಗೆರೆ ಕಾಡಸಿದ್ದಪ್ಪ ಒಬ್ಬನೇ. ಅವನ ಮಗ್ಗದ್ದು ಅಂದೆ. ಕೆಂಚು ತುಪ್ಪಟ ಈ ಸೀಮೇಲಿ ಭಾವ ಮೂಡಲಗಿರಿಯಪ್ಪನ ಆ ಒಂದು ಕುರಿ ಮೈಮೇಲೆ ಬಿಟ್ರೆ ಇನ್ನೆಲ್ಲೂ ಇಲ್ಲ ಅಂದೆ. ಸುಳ್ಳಾ ಅಕ್ಕಾ? ನೀನೇ ಹೇಳು, ಸುಳ್ಳಾ?

ಬೆಂಗಳೂರಿಂದ ಒಬ್ಬ ಸಾಹೇಬ ಬಂದಿದ್ದ, ಭೂತಗನ್ನಡಿ ಹಿಡ್ಕೊಂಡು. ‘ನನ್ನ ಗಾಜಿಗಿಂತ ನಿನ್ನ ಬೆರಳು ವಾಸಿ ಕಣೋ’ ಅಂತ ಬೆನ್ನು ತಟ್ಟಿದ. ನಗ್ತೀಯಾ? ನಗು. ಮೂರನೇ ಕ್ಲಾಸಲ್ಲಿ ಸ್ಲೇಟು ಒಡೆದು ಓಡಿ ಬಂದೋನು ನಾನು. ಅವತ್ತಿನ ತನಕ ಯಾರು ನನ್ನ ಬೆನ್ನು ತಟ್ಟಿದ್ರು? ಉಬ್ಬಿ ಹೋದೆ...

ಭಾವನ ಕಂಬಳಿ ಅಂಚು ಬೇರೆ ಹರಿದಿತ್ತಲ್ಲ! ಬೇಲಿ ಮುಳ್ಳಿಗೆ ಸಿಕ್ಕಿ ಹರೀತು ಅಂದ, ಯಾರು ನಂಬ್ತಾರೆ? ಕೋರ್ಟಲ್ಲಿ ಕೇಳಿದ್ರು, ಆ ಕೆಂಚು ತುಪ್ಪಟದಲ್ಲಿ ಎಷ್ಟು ಕಂಬಳಿ ಆಯ್ತು ಅಂತ. ಒಂದೇ ಅಂದೆ. ಒಂದೇ ಕಣಕ್ಕಾ. ಇದ್ದದ್ದೇ ಅಷ್ಟು ತುಪ್ಪಟ... ಒಂದಕ್ಕೆ ಸರಿಹೋಯ್ತು.

ಎಲ್ಲಿಗೆ ಎದ್ದೆ? ಅಕ್ಕಾ...

ಈ ಬುಟ್ಟಿ, ಈ ತುಪ್ಪಟದ ಮಂಕರಿ ಯಾಕೆ ತಂದಿಟ್ಟೆ? ನನ್ನ ಮುಂದೆ ಯಾಕಿಟ್ಟೆ?

ಗೊತ್ತು. ಆ ಕೆಂಚು ತುಪ್ಪಟಾನ ಮಗ್ಗಕ್ಕೆ ಒಯ್ಯೋಕೆ ಅಂತ ಇದರಲ್ಲಿ ನೀನೇ ತುಂಬಿ ಕೊಟ್ಟಿದ್ದೆ. ಮೊಣಕಾಲಲ್ಲಿ ಅದುಮಿ ಅದುಮಿ ತುಂಬಿದ್ದೆ... ಹಂಗೆ ನೋಡಬೇಡ. ಬಯ್ಯಿ. ಪೊರಕೆ ತಗೊಂಡು ಬಾರಿಸು. ಹಂಗೆ ಮಾತ್ರ ನೋಡಬೇಡ ಅಕ್ಕಾ!

ಎರಡು. ಎರಡು ಕಂಬಳಿ ಆಯ್ತು.

ಕತ್ತರಿಸಿದೋನಿಗೆ ಒಂದು ಬೊಗಸೆ ತುಪ್ಪಟ ವಾಡಿಕೆ. ನಾನು ಅರ್ಧ ಮಂಕರಿ ಎತ್ತಿಟ್ಕೊಂಡೆ. ಕರಿ ತುಪ್ಪಟ ಬೆರೆಸಿ ಕಾಡಸಿದ್ದಪ್ಪನ ಮಗ್ಗದಲ್ಲೇ ಇನ್ನೊಂದು ನೇಯಿಸಿದೆ. ಮಧುಗಿರಿ ಹಾದೀಲಿ ಒಬ್ಬ ಗಾಡಿಯೋನಿಗೆ ಕೊಟ್ಟು ಒಂದು ಜೊತೆ ಮೆಟ್ಟು ತಗೊಂಡೆ. ಮೆಟ್ಟು ಅಕ್ಕಾ... ಬರೀ ಮೆಟ್ಟಿಗೆ! ಅವನ ಹೆಸರು ಕೇಳ್ಲಿಲ್ಲ. ಊರು ಕೇಳ್ಲಿಲ್ಲ. ಕಾಡಸಿದ್ದಪ್ಪ ಪ್ಲೇಗಲ್ಲಿ ಹೋದ. ಇನ್ನೊಂದು ಕಂಬಳಿ ಇತ್ತು ಅಂತ ಹೇಳೋಕೆ ಈ ಭೂಮಿ ಮೇಲೆ ಉಳಿದಿರೋನು ನಾನೊಬ್ಬನೇ.

ಯಾಕೆ ಹೇಳ್ಲಿಲ್ಲ ಅಂತ ತಾನೇ? ತುಪ್ಪಟ ಕದ್ದೋನಿಗೆ ಯಾವ ಹಟ್ಟಿಯೋರು ಕುರಿ ಮುಟ್ಟಿಸ್ತಾರೆ? ಕತ್ತರಿ ಬಿಟ್ರೆ ನಂಗೇನು ಬರುತ್ತೆ? ಭಾವ ಹೆಂಗೂ ಬಿಡುಗಡೆ ಆಗ್ತಾನೆ, ನಾಕು ಎಳೆ ಉಣ್ಣೆ ನೋಡಿ ಯಾರಾದ್ರೂ ಮನುಷ್ಯನ್ನ ನೇಣಿಗೆ ಹಾಕ್ತಾರಾ ಅಂದ್ಕೊಂಡೆ...

ಕೋರ್ಟಲ್ಲಿ ಏನಾಯ್ತು ಗೊತ್ತಾ? ನೀನು ಹೊರಗಿದ್ದೆ. ಜಡ್ಜಿ ಭಾವನ್ನ ಕೇಳಿದ್ರು, ಈ ಸಾಕ್ಷಿಗೂ ನಿನಗೂ ಹಗೆ ಏನಾದ್ರೂ ಉಂಟಾ ಅಂತ. ಭಾವ ನನ್ನ ಕಡೆ ತಿರುಗಿದ. ‘ಇಲ್ಲ ಬುದ್ಧಿ. ನಮ್ಮನೇಲಿ ಉಂಡೋನು. ಸುಳ್ಳು ಹೇಳೋನಲ್ಲ’ ಅಂದ.

ಆಗಲಾದ್ರೂ ಬಾಯಿ ಬಿಡಬಾರದಾ ನಾನು...

ಅಕ್ಕಾ. ಸೆರಗು ಯಾಕೆ ಸೊಂಟಕ್ಕೆ ಸಿಗಿಸ್ದೆ? ಬಾಗಿಲು ಯಾಕೆ ಎಳೀತೀಯಾ? ಎಲ್ಲಿಗೆ... ಮಧುಗಿರಿಗಾ? ಲಾಯರು ನಂದೀಶ್ವರಯ್ಯನೋರ ಹತ್ರ? ಮಹಾರಾಜರಿಗೆ ಪ್ರಾಣಭಿಕ್ಷೆ ಅರ್ಜಿ ಇನ್ನೂ ಹೋಗಿಲ್ವಾ? ಹೋಗಿಲ್ಲ, ಅಲ್ವಾ? ಹೇಳ್ತೀನಿ. ಅವರ ಮುಂದೆ ಎಲ್ಲಾ ಹೇಳ್ತೀನಿ. ಅವರು ನಂಬ್ತಾರಾ? ಒಂದು ಸಲ ಒಂದು ಅಂದೋನು, ಇನ್ನೊಂದು ಸಲ ಎರಡು ಅಂದ್ರೆ...

ನಡಿ, ಬರ್ತೀನಿ. ನೀನು ಮುಂದೆ ನಡಿ.

ಇಲ್ಲ, ನಿಲ್ಲು! ನನ್ನ ಹಿಂದೆ ಬಿಡಬೇಡ. ಕೆರೆ ಏರಿ ದಾಟೋಷ್ಟರಲ್ಲಿ ಈ ಕಾಲು ಇನ್ನೊಂದು ದಾರಿ ಹಿಡೀತವೆ, ನಂಗೊತ್ತು... ರಟ್ಟೆ ಹಿಡ್ಕೋ ಅಕ್ಕಾ. ಗಟ್ಟಿಯಾಗಿ ಹಿಡ್ಕೋ.

ಅಕ್ಕಾ... ಹಿಡ್ಕೋ...