ಎರಡು ಬಡಿದರೆ ಬರಲಿ

ದೀಪ ಆರಿಸಬೇಡ ಅಂದಿರಿ, ಆರಿಸಿಲ್ಲ. ಆದರೆ ಮಧ್ಯೆ ಬಾಯಿ ಹಾಕಬೇಡಿ. ಇದು ನನ್ನ ಚಿಕ್ಕಮ್ಮನ ಮಗನಿಗೆ ಆದದ್ದು. ಕತೆ ಕಟ್ಟುವಷ್ಟು ಮಾತು ಅವನಿಗೆ ಬರುವುದಿಲ್ಲ. ನನಗೂ ಅಷ್ಟಕ್ಕಷ್ಟೇ.

ಸಮುದ್ರದ ದಂಡೆಯ ರಸ್ತೆ. ಹೊತ್ತು ಮೀರಿತ್ತು. ಇಬ್ಬರು ನಡೆದು ಹೋಗುತ್ತಿದ್ದರು. ಮುಂದೆ ಅವನು, ನನ್ನ ತಮ್ಮ, ಕೈಯಲ್ಲಿ ಟಾರ್ಚು. ನಾಲ್ಕು ಮಾರು ಹಿಂದೆ ಅವನ ಗೆಳೆಯ, ಕೈಯಲ್ಲಿ ನೀರಿನ ಖಾಲಿ ಕ್ಯಾನು. ಹೆಜ್ಜೆಗೊಮ್ಮೆ ಕ್ಯಾನು ಮೊಣಕಾಲಿಗೆ ತಾಗುತ್ತಿತ್ತು. ದೊಳ್… ದೊಳ್… ಅದು ಬಿಟ್ಟರೆ ಮಾತಿಲ್ಲ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಆ ಗೆಳೆಯನನ್ನು ಎಲ್ಲರೂ ಕಡ್ಡಿ ಅನ್ನುವುದು. ಮೈಯಲ್ಲಿ ಮಾಂಸವಿಲ್ಲ, ನಾಲಿಗೆಯಲ್ಲಿ ಖಾರ ಮಾತ್ರ ಧಾರಾಳ. ಹಿಂದೆ ಇಬ್ಬರೂ ಒಂದೇ ಲಾರಿಯಲ್ಲಿ ದುಡಿದವರು. ತಮ್ಮ ಡ್ರೈವರ್, ಕಡ್ಡಿ ಕ್ಲೀನರ್. ಲಾರಿ ಹಿಂದಕ್ಕೆ ತೆಗೆಯುವಾಗ ಡ್ರೈವರಿಗೆ ಹಿಂದಿನದು ಕಾಣುವುದಿಲ್ಲ. ಕ್ಲೀನರ್ ಲಾರಿಯ ಮೈಗೆ ಬಡಿಯುತ್ತಾನೆ, ಡ್ರೈವರ್ ಕೇಳಿಸಿಕೊಂಡು ತೆಗೆಯುತ್ತಾನೆ. ಎರಡು ಬಡಿದರೆ ಬರಲಿ. ಒಂದು ಬಡಿದರೆ ನಿಲ್ಲಿಸು. ಹಿಂದೆ ಲೋಡಿನ ಮೇಲೆ ಕೂತ ಹಮಾಲರು ಇಳಿಯಬೇಕಾದರೂ ಅಷ್ಟೇ, ಒಂದು ಬಡಿಯುತ್ತಾರೆ. ಕಡ್ಡಿ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ಟಕ್ ಟಕ್. ನೂರು ಲಾರಿ ನಿಂತ ಕಡೆಯೂ ಆ ಸದ್ದು ನನಗೆ ಗೊತ್ತಾಗುತ್ತೆ ಅಣ್ಣ, ಅನ್ನುತ್ತಿದ್ದ ತಮ್ಮ.

ಒಂದು ದಿನ ಗೋದಾಮಿನ ಗೋಡೆಗೂ ಲಾರಿಗೂ ನಡುವೆ ಕಡ್ಡಿಯ ಬಲಗೈ ಸಿಕ್ಕಿತು.

"ನಾನು ಒಂದೇ ಬಡಿದೆ" ಅಂದ ಕಡ್ಡಿ.

"ನಂಗೆ ಎರಡು ಕೇಳಿಸ್ತು" ಅಂದ ತಮ್ಮ.

ಆ ದಂಡೆಯ ರಾತ್ರಿಯ ತನಕ ಅವರು ಆಡಿದ ಕಡೆಯ ಮಾತು ಅದೇ. ಮೂಳೆ ಕೂಡಿತು. ಬೆರಳು ಮಡಚುವುದು ನಿಂತಿತು. ಎಡಗೈ ಹುಟ್ಟಿದಾಗಿನಿಂದ ಸೊಟ್ಟ, ಅದಕ್ಕೂ ಬಲವಿಲ್ಲ. ಹಾಗಾಗಿ ಕಡ್ಡಿಯ ಕೆಲಸವೂ ಹೋಯಿತು.

ತಮ್ಮ ಆಮೇಲೆ ಹಳೆಯದೊಂದು ಕೊರಿಯರ್ ವ್ಯಾನು ಕೊಂಡು, ಒಳಗೆ ಮಂಚ, ಸ್ಟೌವು, ಸಿಂಕು ಕೂರಿಸಿ ಓಡಾಡುವ ಮನೆ ಮಾಡಿದ. ಮಂಚದ ಹಿಂದೆ ಅಡ್ಡಕ್ಕೆ ಹಲಗೆ ಹೊಡೆದು ಒಂದು ಸಾಮಾನಿನ ಗೂಡು. ಅದಕ್ಕೆ ಒಳಗಿಂದ ದಾರಿಯಿಲ್ಲ. ಹಿಂದಿನ ತಗಡಿನ ಬಾಗಿಲು ತೆಗೆದರೆ ಮಾತ್ರ ಸಿಗುತ್ತದೆ. ಇಬ್ಬರಿಗೂ ಬೇಕಾದ ಮೂರನೆಯವನೊಬ್ಬ ಇದ್ದ, ಔಷಧಿ ಅಂಗಡಿಯ ಕಾಂಪೌಂಡರ್. ಸಮುದ್ರದ ಗುಂಟ ಸುತ್ತಾಡಿಕೊಂಡು ಬರೋಣ ಅಂತ ಇಬ್ಬರನ್ನೂ ಎಳೆದುಕೊಂಡು ಹೊರಟವನು ಅವನೇ. ಒಂದೇ ಗಾಡಿಯಲ್ಲಿ ಮಲಗಿದರೆ ಗೊರಕೆಗಾದರೂ ಒಬ್ಬರನ್ನೊಬ್ಬರು ಬೈಯಬೇಕು, ಬೈದರೆ ಮಾತು ಶುರುವಾದ ಹಾಗೆ. ಇದು ಅವನ ಮದ್ದು.

ಫಲಿಸಲಿಲ್ಲ. "ಉಪ್ಪು ಕೊಡು ಅಂತ ಹೇಳು ಅವನಿಗೆ" ಅಂತ ಇವನು. "ಉಪ್ಪು ಅವನ ಮೂಗಿನ ಕೆಳಗೇ ಇದೆ ಅಂತ ಹೇಳು" ಅಂತ ಅವನು. ಸಾಮಾನು ಜೋಡಿಸುವ ಕೆಲಸ ಕಡ್ಡಿಯದು, ಗೂಡಿನ ಬೀಗದ ಕೈ ಅವನ ಜೇಬಿನಲ್ಲಿ. ಗಾಡಿ ಹಿಂದಕ್ಕೆ ತೆಗೆಯುವಾಗ ಅವನೇ ಹೋಗಿ ನಿಲ್ಲುತ್ತಿದ್ದ, ಯಾರೂ ಹೇಳದೆ. ಈಗ ಬಡಿಯುವುದು ಅಂಗೈಯಿಂದ. ಟಪ್ ಟಪ್. ಒದ್ದೆ ಬಟ್ಟೆ ಒಗೆದ ಹಾಗೆ. ತಮ್ಮ ಅದನ್ನು ನಂಬುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ತಾನೇ ನೋಡಿಕೊಳ್ಳುತ್ತಿದ್ದ. ಕಡ್ಡಿಗೆ ಅದು ಕಾಣುತ್ತಿತ್ತು.

ಆ ರಾತ್ರಿ ನೀರು ಮುಗಿಯಿತು. ಹೊಟ್ಟೆನೋವು ಅಂತ ಕಾಂಪೌಂಡರ್ ಮಂಚ ಹತ್ತಿದ. ಬರೀ ನಾಟಕ. ಇಬ್ಬರೇ ಹೋಗಲಿ ಅಂತ.

ರಸ್ತೆಯಿಂದ ಸ್ವಲ್ಪ ಒಳಗೆ, ಗೋಡೆ ಬಿದ್ದ ಹಿತ್ತಲಲ್ಲಿ ಬಾವಿ. ಬಾಯಿಗೆ ಕಬ್ಬಿಣದ ಮುಚ್ಚಳ. ಸುತ್ತಲೂ ಬೋಲ್ಟು ಹಾಕಿ ಬಿಗಿದಿದ್ದರು. ಮೇಲೊಂದು ಕೈಪಂಪು. ಕಡ್ಡಿ ಒತ್ತಿದ. ಕೀಂಚ್… ಕೀಂಚ್… ಹೂಸು ಬಿಟ್ಟ ಹಾಗೆ ಗಾಳಿ ಬಂತು.

"ನೀರಿಲ್ಲ." ಕಡ್ಡಿ ಪಿಸುಗುಟ್ಟಿದ. ಯಾಕೆ ಪಿಸುಗುಟ್ಟಿದೆ ಅಂತ ಅವನಿಗೂ ಗೊತ್ತಿಲ್ಲ.

"ತಡಿ. ನೋಡ್ತೀನಿ."

ತಮ್ಮ ಬಗ್ಗಿ ಮುಚ್ಚಳಕ್ಕೆ ಗೆಣ್ಣಿನಿಂದ ಬಡಿದ. ಡ್ರಮ್ಮು ತುಂಬಿದೆಯೋ ಖಾಲಿಯೋ ಅಂತ ಲಾರಿಯವರು ನೋಡುವುದೇ ಹಾಗೆ. ಟಕ್ ಟಕ್.

"ಎರಡು ಬಡಿದೆ ನೀನು" ಅಂದ ಕಡ್ಡಿ.

"ಹೂಂ. ಏನೀಗ?"

"ಎರಡು ಬಡಿದ್ರೆ ಏನು ಅಂತ ನಿಂಗೆ ಗೊತ್ತಿಲ್ವಾ?"

ತಮ್ಮ ನಕ್ಕ. "ಬರ್ಲಿ ಬಿಡು. ಹಿಂದೆ ಜಾಗ ಇದೆ."

ಅಲೆಯ ಸದ್ದು ಒಂದು ಗಳಿಗೆ ತಗ್ಗಿತು. ಆಗ… ಮುಚ್ಚಳದ ಕೆಳಗೆ, ತೀರ ಆಳದಲ್ಲಿ… ಸರ್ರ್… ಒದ್ದೆ ಗೋಣಿಚೀಲವನ್ನು ಕಲ್ಲಿನ ಮೇಲೆ ಎಳೆದ ಹಾಗೆ. ನಿಂತಿತು. ಮತ್ತೆ… ಸರ್ರ್… ಈ ಸಲ ಅಷ್ಟು ಆಳದಲ್ಲಿ ಅಲ್ಲ.

ಇಬ್ಬರೂ ಅಲ್ಲಿಂದ ಹೊರಟರು. ವಾಪಸು ಬರುವಾಗ ನಡುವೆ ನಾಲ್ಕು ಮಾರು ಅಂತರ ಇರಲಿಲ್ಲ. ಹೆಗಲಿಗೆ ಹೆಗಲು ತಾಗುತ್ತಿತ್ತು. ಕಡ್ಡಿ ಕ್ಯಾನನ್ನು ಎದೆಗವಚಿಕೊಂಡಿದ್ದ, ಸದ್ದಾಗಬಾರದು ಅಂತ.

"ಇಲ್ಲಿ ಮಲಗೋದು ಬೇಡ ಕಣೋ."

"ಬೇಡ. ನಡಿ, ಗಾಡಿ ತೆಗೆದುಬಿಡೋಣ."

ಇಷ್ಟು ವರ್ಷದ ಮೇಲೆ ಒಬ್ಬರ ಮಾತಿಗೆ ಇನ್ನೊಬ್ಬರು ಒಪ್ಪಿದ್ದು ಅದೇ ಮೊದಲು.

ಗಾಡಿ ಬಂಡೆಯ ಹಾಸಿನ ಮೇಲೆ ನಿಂತಿತ್ತು. ಮೂತಿ ಗುಡ್ಡದ ಕಡೆಗೆ. ಹಿಂದೆ ಒಂದಿಷ್ಟು ಜಾಗ, ಆಮೇಲೆ ಕೆಳಗೆ ಸಮುದ್ರ. ರಸ್ತೆಗೆ ತಿರುಗಬೇಕಾದರೆ ಸ್ವಲ್ಪ ಹಿಂದಕ್ಕೆ ತೆಗೆಯಲೇಬೇಕು. ಕಾಂಪೌಂಡರ್ ಮಂಚದ ಮೇಲೆ ನಿಜವಾಗಿಯೂ ನಿದ್ದೆ ಹೋಗಿದ್ದ. ಕಡ್ಡಿ ಹಿಂದೆ ಹೋದ. ತಮ್ಮ ಗೇರು ಹಾಕಿದ.

ಟಕ್ ಟಕ್.

ಅಂಗೈಯದಲ್ಲ. ಗೆಣ್ಣಿನದು. ಹಳೆಯ ಸದ್ದು.

ಅಣ್ಣ, ನನ್ನ ಎದೆ ಮೇಲಿಂದ ಚೀಲ ಇಳಿಸಿದ ಹಾಗಾಯ್ತು ಅಂದ ತಮ್ಮ. ಅವನು ತಲೆ ಹೊರಗೆ ಹಾಕಲಿಲ್ಲ. ಬೇಕಂತಲೇ ಹಾಕಲಿಲ್ಲ. ಕಡ್ಡಿ ನೋಡಲಿ, ನಾನು ನಂಬಿದ್ದೇನೆ ಅಂತ.

ಟಕ್ ಟಕ್. ತಮ್ಮ ಹಿಂದಕ್ಕೆ ಬಂದ. ಟಕ್ ಟಕ್. ಇನ್ನಷ್ಟು ಬಂದ. ನಡುವೆ ಒಂದು ಸಲ ಟಪ್ ಅಂದ ಹಾಗಾಯಿತು. ಅಲೆಯ ನೀರು ಸಿಡಿಯಿತೇನೋ ಅಂದುಕೊಂಡ. ಯಾರೋ ಕೂಗಿದ ಹಾಗೂ ಆಯಿತು. ಗಾಳಿಯಲ್ಲಿ ತಿಳಿಯಲಿಲ್ಲ. ಟಕ್ ಟಕ್. ಟಕ್ ಟಕ್. ಟಕ್ಟಕ್ ಟಕ್ಟಕ್ ಟಕ್ಟಕ್…

"ನಿಲ್ಸೋ! ಏ, ನಿಲ್ಸೋ!"

ಕಾಂಪೌಂಡರ್. ಎಚ್ಚರವಾಗಿ ಕಿಟಕಿಯಲ್ಲಿ ನೋಡಿದ್ದ. ಕೆಳಗೆ ನೆಲ ಇರಲಿಲ್ಲ, ಬಿಳಿ ನೊರೆ ಇತ್ತು. ತಮ್ಮ ಬ್ರೇಕು ತುಳಿದ. ಹಿಂದಿನ ಚಕ್ರದಡಿಯಿಂದ ಜಲ್ಲಿ ಜಾರಿತು. ಬಹಳ ಹೊತ್ತಿನ ಮೇಲೆ ಕೆಳಗೆಲ್ಲೋ… ಚುಳುಂ… ಚುಳುಂ…

ಬಡಿತ ನಿಂತಿತು.

ಗಾಡಿಯನ್ನು ಮುಂದಕ್ಕೆ ತಂದು ತಮ್ಮ ಇಳಿದ. ಅಂಚಿನ ಪೊದೆ ಹಿಡಿದು ಕಡ್ಡಿ ಮೇಲೆ ತೆವಳಿ ಬರುತ್ತಿದ್ದ. ಮೊಣಕಾಲು ಕಿತ್ತು ರಕ್ತ. ಪಕ್ಕಕ್ಕೆ ಹಾರದಿದ್ದರೆ ಮೊದಲು ಬೀಳುತ್ತಿದ್ದವನು ಅವನೇ.

"ನಾನು ಒಂದೇ ಬಡಿದೆ" ಅಂದ ಕಡ್ಡಿ.

"ನಂಗೆ ಎರಡು ಕೇಳಿಸ್ತು."

ಗೋದಾಮಿನ ಗೋಡೆಯ ಹತ್ತಿರ ಆಡಿದ್ದ ಮಾತೇ. ಒಂದಕ್ಷರ ಬದಲಿಲ್ಲ. ಇಬ್ಬರಿಗೂ ಅದು ಹೊಳೆಯಿತು.

"ಕೈ ತಗೊಂಡಿದ್ದು ಸಾಲಲಿಲ್ವೇನೋ ನಿಂಗೆ?"

"ಯಾರೋ ತಗೊಂಡಿದ್ದು? ನಮ್ಮಿಬ್ಬರನ್ನೂ ಸಮುದ್ರಕ್ಕೆ ಹಾಕೋಕೇ ಹೊರಟು ಬಂದ್ಯಾ? ಇಷ್ಟು ವರ್ಷ ಇದನ್ನೇ ಕಾಯ್ತಿದ್ಯಾ?"

"ಒಂದೇ ಬಡಿದೆ ಕಣೋ ಬೋಳಿಮಗನೇ!"

ತಮ್ಮ ಕೆನ್ನೆಗೆ ಬಿಟ್ಟ. ಕಡ್ಡಿ ತಿರುಗಿ ಹೊಡೆಯಲಿಲ್ಲ. ಅವನ ಕಣ್ಣು ತಮ್ಮನ ಮೇಲೆ ಇರಲಿಲ್ಲ. ಗಾಡಿಯ ಹಿಂದಿನ ಬಾಗಿಲ ಮೇಲಿತ್ತು. ಒಂದೊಂದೇ ಹೆಜ್ಜೆ ಹಿಂದೆ ಸರಿದ.

"ನಾನು ಹತ್ತಲ್ಲ."

"ಹತ್ತಬೇಡ. ಇಲ್ಲೇ ಸಾಯಿ."

ಕಾಂಪೌಂಡರ್ ಕೈ ಹಿಡಿದು ಎಳೆದ, ಬೈದ, ಬೇಡಿಕೊಂಡ. ತಮ್ಮ ಕೇಳಲಿಲ್ಲ. ಆ ಕತ್ತಲಲ್ಲಿ, ಆ ಬಾವಿ ಇರುವ ಕಡೆ, ಕಡ್ಡಿಯನ್ನು ಬಿಟ್ಟು ಹೊರಟ.

ದಾರಿಯುದ್ದಕ್ಕೂ ಕಾಂಪೌಂಡರ್, "ತಿರುಗ್ಸು, ನಿನ್ನ ಕಾಲಿಗೆ ಬೀಳ್ತೀನಿ, ತಿರುಗ್ಸು" ಅನ್ನುತ್ತಿದ್ದ.

"ಬಾಯಿ ಮುಚ್ಚು. ಗಾಡಿ ಏರ್ತಿಲ್ಲ."

ನಿಜ, ಏರುತ್ತಿರಲಿಲ್ಲ. ಬರುವಾಗ ಇದಕ್ಕಿಂತ ಕಡಿದಾದ ಏರು ಸಲೀಸಾಗಿ ಹತ್ತಿದ ಎಂಜಿನ್ ಈಗ ಒದ್ದಾಡುತ್ತಿತ್ತು. ಹಿಂದೆ ಎಷ್ಟು ಲೋಡಿದೆ ಅಂತ ಡ್ರೈವರಿಗೆ ಸೀಟಿನಲ್ಲೇ ತಿಳಿಯುತ್ತದೆ. ಹಿಂದೆ ಲೋಡಿತ್ತು. ತಮ್ಮ ಅದನ್ನು ಕಾಂಪೌಂಡರಿಗೆ ಹೇಳಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಒಂದು ಪೆಟ್ರೋಲ್ ಬಂಕು. ಪೈಪು ಹಿಡಿದವನು ಹಿಂದೆ ಒಂದು ಸುತ್ತು ಹಾಕಿ ಬಂದ.

"ಏನ್ ಸಾರ್ ತುಂಬಿದ್ದೀರಾ? ಬಾಗ್ಲು ಉಬ್ಬಿ ಬಂದಿದೆಯಲ್ಲ."

ತಮ್ಮ ಹೋಗಿ ನೋಡಿದ. ತಗಡಿನ ಮೇಲೆ ಗುರುತುಗಳು. ಮುಷ್ಟಿಗಾತ್ರ. ಜೋಡಿ ಜೋಡಿ. ಹೊರಗೆ ನಿಂತು ಬಡಿದರೆ ತಗಡು ಒಳಕ್ಕೆ ತಗ್ಗಬೇಕು.

ಇವೆಲ್ಲ ಹೊರಕ್ಕೆ ಉಬ್ಬಿದ್ದವು.

ತಮ್ಮ ಪೆಟ್ರೋಲಿನ ದುಡ್ಡು ಪೈಪಿನವನ ಕೈಗೆ ತುರುಕಿದ. ಆಮೇಲೆ ಗಾಡಿ ತಿರುಗಿಸಿದ.

ಕಡ್ಡಿ ಬದುಕಿದ್ದ. ಬಸ್ಸು ನಿಲ್ಲುವ ಜಾಗದಲ್ಲಿ, ಕಲ್ಲುಬೆಂಚಿನ ಮೇಲೆ, ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಮ್ಮ ಎದುರು ಹೋಗಿ ನಿಂತ.

"ಹತ್ತೋ."

"ಮೊದ್ಲು ಅದನ್ನ ಇಳಿಸು."

"ನಿಂಗೆ ಗೊತ್ತಿತ್ತಾ?"

"ಬಾಗಿಲ ಮುಂದೆ ನಿಂತಿದ್ದವನು ನಾನು. ಎಲ್ಲಿಂದ ಬಡೀತಿದೆ ಅಂತ ಕೇಳಿಸಲ್ವಾ? ಹೇಳಿದ್ರೆ ನಂಬ್ತಿದ್ಯಾ?"

ಕಡ್ಡಿ ಜೇಬಿನಿಂದ ಬೀಗದ ಕೈ ತೆಗೆದು ಎಸೆದ. ಕಾಂಪೌಂಡರ್ ಅದನ್ನು ಎತ್ತಿಕೊಂಡು ಬಾಗಿಲು ತೆಗೆದ. ಒಳಗೆ ಮಡಚುವ ಕುರ್ಚಿಗಳು, ಗ್ಯಾಸಿನ ಸಿಲಿಂಡರು, ಹಾಸಿಗೆ, ಟೆಂಟು. ಕಡ್ಡಿ ಜೋಡಿಸಿದ ಹಾಗೇ, ಬಾಗಿಲ ತನಕ ಒತ್ತಿ ತುಂಬಿದ್ದು. ಕೈ ಬೀಸುವುದಿರಲಿ, ಬೆರಳು ತೂರಿಸಲೂ ಎಡೆಯಿಲ್ಲ. ಪಾಚಿಯ ವಾಸನೆ ಬರುತ್ತಿತ್ತು. ಮುಟ್ಟಿದರೆ ಎಲ್ಲ ಒಣಗಿದ್ದವು.

"ತಪ್ಪಾಯ್ತು ಕಣೋ" ಅಂದ ತಮ್ಮ.

"ಯಾವತ್ತಿನದಕ್ಕೆ?"

ಬಸ್ಸು ಬರುವುದು ಕಾಣುತ್ತಿತ್ತು. ತಮ್ಮ ಕಡ್ಡಿಯ ಬಲಗೈ ನೋಡಿದ. ಮಡಚದ ಬೆರಳು.

"ಎರಡಕ್ಕೂ."

ಕಡ್ಡಿ ಕ್ಯಾನನ್ನು ಬೆಂಚಿನ ಮೇಲೆ ಬಿಟ್ಟು ಬಸ್ಸು ಹತ್ತಿದ. ತಿರುಗಿ ನೋಡಲಿಲ್ಲ. ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಎರಡು ಬಡಿದ, ಹೋಗಲಿ ಅಂತ. ಒಳಗೆ ಕಡ್ಡಿ ಕಿವಿ ಮುಚ್ಚಿಕೊಂಡಿದ್ದು ಕಿಟಕಿಯಲ್ಲಿ ಕಂಡಿತಂತೆ. ಆವತ್ತಿನಿಂದ ಇವತ್ತಿನವರೆಗೆ ಅವನು ತಮ್ಮನ ಮನೆಯ ಕಡೆ ಸುಳಿದಿಲ್ಲ. ತಮ್ಮ ಹೋದರೆ ಬಾಗಿಲು ತೆಗೆಯುತ್ತಾನೆ, ಕೂತ್ಕೋ ಅನ್ನುವುದಿಲ್ಲ.

ಗಾಡಿ ಏನಾಯಿತು ಅಂತ ಕೇಳುತ್ತೀರಿ. ತಮ್ಮ ನನ್ನ ಹತ್ತಿರ ತಂದ. "ಇಲ್ಲಿರಲಿ ಅಣ್ಣ. ನನ್ನದು ಹೆಂಡತಿ ಮಕ್ಕಳಿರೋ ಮನೆ. ನೀನು ಹೆಂಗೂ ಒಬ್ಬನೇ." ಅಷ್ಟು ಪ್ರೀತಿ ನನ್ನ ಮೇಲೆ. ಬೀಗ ಹಾಕಿ, ಬೀಗದ ಕೈ ತಾನೇ ತೆಗೆದುಕೊಂಡು ಹೋದ. ಈ ಮನೆಯ ಹಿಂದೆ, ಟಾರ್ಪಾಲು ಹೊದೆಸಿ ನಿಲ್ಲಿಸಿದೆ. ಬರುವಾಗ ನೀವು ನೋಡಿರುತ್ತೀರಿ.

ನಾನು ಇಂಥದ್ದನ್ನು ಸುಲಭಕ್ಕೆ ನಂಬುವವನಲ್ಲ. ಅದಕ್ಕೇ ಟಾರ್ಪಾಲು ಎತ್ತಿ ಬಾಗಿಲ ಮೇಲಿನ ಒಂದೊಂದು ಉಬ್ಬನ್ನೂ ಮುಟ್ಟಿ ನೋಡಿದ್ದೇನೆ. ಎಲ್ಲ ಜೋಡಿ. ಎಲ್ಲ ಹಳೆಯವು, ಅಂಚಿಗೆ ತುಕ್ಕು ಹಿಡಿದಿದೆ. ಮೊನ್ನೆ ಗಾಳಿಗೆ ಟಾರ್ಪಾಲು ಹಾರಿತ್ತು, ಕಟ್ಟಲು ಹೋದೆ. ಕೆಳಗಡೆ ಇನ್ನೊಂದಿತ್ತು. ಬಣ್ಣ ಆಗಷ್ಟೇ ಸಿಡಿದಿತ್ತು, ಚಕ್ಕೆ ನೆಲದ ಮೇಲೇ ಬಿದ್ದಿತ್ತು. ತಮ್ಮನಿಗೆ ಫೋನು ಮಾಡಿದೆ. ಕಂಡದ್ದು ಹೇಳಿದೆ. ಅವನು ಕೇಳಿದ.

"ಜೋಡಿನಾ ಅಣ್ಣ?"

"ಅಲ್ಲ. ಒಂದೇ."

ಫೋನು ಇಟ್ಟುಬಿಟ್ಟ. ಹಿಂದೆ ಕೂತವರು ಇಳಿಯಬೇಕಾದರೆ ಎಷ್ಟು ಬಡಿಯುತ್ತಾರೆ ಅಂತ ಆಗಲೇ ಹೇಳಿದ್ದೇನೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆದದ್ದು ಇಷ್ಟು. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಹೊರಡುವಾಗ ಹಿತ್ತಲ ಬಾಗಿಲಿಂದ ಬೇಡ, ಮುಂದಿನಿಂದ ಹೋಗಿ.