ಖೇನ್ ಬಾಯಿಗಿಡುವ ಮೊದಲು

ಲಾವೋಸಿನ ರಾಜಧಾನಿ ವಿಯಂಟಿಯಾನಿನ ಟೆಂಪೋದಲ್ಲಿ, ಬುದ್ಧವಿಹಾರಕ್ಕೆಂದು ಹೂವು, ಮೇಣದಬತ್ತಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎದುರಿಗೆ ಗಿಟಾರು ಹಿಡಿದ ಬುವಾವನ್ ಎಂಬ ಹುಡುಗಿ. ಅವಳ ಪಕ್ಕದಲ್ಲಿ ಬಿದಿರು ಕೊಳವೆಗಳ ಊದುವ ವಾದ್ಯ ಖೇನನ್ನು ತಬ್ಬಿಕೊಂಡ ಅವಳ ಸೋದರಮಾವ.

"ಹೂವು ತಂದ್ಯೇನೇ ಬುವಾವನ್?"

"ಯಾವ ಹೂವು ಮಾವ?"

"ಐದು ಜೊತೆ ಹೂವು, ಐದು ಜೊತೆ ಮೇಣದಬತ್ತಿ. ಗುರುವಿಗೆ ಒಪ್ಪಿಸದೆ ನಾನು ಖೇನ್ ಬಾಯಿಗಿಡಲ್ಲ ಅಂತ ಗೊತ್ತಿಲ್ವಾ?"

"ಅಯ್ಯೋ, ಇದು ಹಬ್ಬದ ಹಾಡಲ್ಲ, ರಾಕ್! ಮಧ್ಯಾಹ್ನದವರೆಗಷ್ಟೇ ಸ್ಟುಡಿಯೋ ನಮ್ದು. ಎಲ್ಲಿ ನೋಡಿದ್ರೂ ಥಾಯ್ ಹಾಡೇ. ಈಗಷ್ಟೇ ಹುಡುಗ್ರು ನಮ್ಮ ಲಾವೋ ಮಾತಲ್ಲಿ ಹಾಡೋಕೆ ಶುರು ಮಾಡಿದಾರೆ. ಇವತ್ತು ತಪ್ಪಿದ್ರೆ ನನ್ನ ಹಾಡು ಕ್ಯಾಸೆಟ್ಟಿಗೆ ಸೇರಲ್ಲ."

"ಸೇರದಿದ್ರೆ ಬೇಡ."

"ನಿನ್ನ ಗುರು ಸತ್ತು ಎಷ್ಟು ವರ್ಷ ಆಯ್ತು?"

"ಅದಕ್ಕೇ ಅಪ್ಪಣೆ ಕೇಳಬೇಕು. ಬದುಕಿದ್ದಿದ್ರೆ ಅವರೇ ಬಂದು ಬೈತಿದ್ರು."

"ಹಾಗಾದ್ರೆ ಕೀಬೋರ್ಡಲ್ಲೇ ಖೇನ್ ದನಿ ಹಾಕಿಸ್ತೀನಿ. ಗುಂಡಿ ಒತ್ತಿದ್ರಾಯ್ತು."

"ಹಾಕಿಸ್ಕೋ. ಅದಕ್ಕೆ ಉಸಿರೂ ಬೇಡ, ಮಾವನೂ ಬೇಡ."

ಹುಡುಗಿಯ ಕಣ್ಣು ತುಂಬಿತ್ತು. ಅದೇ ಕಣ್ಣು ನನ್ನ ಮಡಿಲ ಮೇಲೆ ಬಂದು ನಿಂತಿತು.

"ಅಜ್ಜೀ, ಇದು ವಿಹಾರಕ್ಕಾ?"

ಹೂವು, ಬತ್ತಿಗಳಿದ್ದ ಬಾಳೆಲೆಯ ಪೊಟ್ಟಣವನ್ನು ಹಾಗೆಯೇ ಅವಳ ಕೈಗಿಟ್ಟೆ. ಬುದ್ಧ ಭಗವಂತ ನಾಳೆಯವರೆಗೆ ಕಾಯಬಲ್ಲ.

"ತಗೋ ಮಾವ, ಒಪ್ಪಿಸು."

"ನನಗ್ಯಾಕೆ ಕೊಡ್ತೀಯ? ಹಾಡೋಳು ನೀನು. ನೀನೇ ಕೇಳ್ಕೋ."

"ನಂಗೆ ಏನು ಹೇಳಬೇಕು ಅಂತ್ಲೇ ಗೊತ್ತಿಲ್ವಲ್ಲ."

"ಹೇಳ್ಕೊಡ್ತೀನಿ. ಆ ಗಿಟಾರು ಇತ್ತ ಕೊಡು."

ಸ್ಟುಡಿಯೋ ಮುಂದೆ ಇಳಿದರು. ಮಾವನ ಹೆಗಲ ಮೇಲೆ ಗಿಟಾರಿತ್ತು. ಹುಡುಗಿ ಎರಡೂ ಕೈಯಲ್ಲಿ ಹೂವು ಹಿಡಿದು, ತುಳುಕಬಾರದ ನೀರನ್ನು ಹೊತ್ತವಳಂತೆ, ಅವನ ಹಿಂದೆ ಮೆಲ್ಲನೆ ನಡೆದಳು.