ಅಜ್ಜನ ಕಾಲದ ಕಂಪನಿ

ಅಮೆರಿಕದ ಆಲ್ಬನಿ ಬಸ್ ನಿಲ್ದಾಣದ ಸಾಲಿನಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿಸಿದರೂ ಕಸ್ತೂರಿ ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಎದುರಿನ ಗಾಜಿನಲ್ಲಿ ಗಂಡ ಹೆಂಡತಿ ಇಬ್ಬರೂ ಕಾಣುತ್ತಿದ್ದರು.

"ಒಂಬತ್ತಕ್ಕ ಪರೀಕ್ಷಾದ ಬಾಗಲಾ ಹಾಕ್ತಾರ. ಹ್ವಾದ ತಿಂಗಳೂ ನಿಮ್ಮ ಕಾರ್ ಸೇತುವಿ ಮ್ಯಾಲ ನಿಂತು ತಪ್ಪಿತು. ಇವತ್ತ ಇಲ್ಲೇ ರಸ್ತಾದಾಗ ಕೆಟ್ಟು ನಿಂತದ. ಈ ಸಲಾನೂ ತಪ್ಪಿದ್ರ ನರ್ಸ್ ಕೆಲಸಾ ನಾ ಮರತಬಿಡಬೇಕು."

"ಗೇರ್‌ಬಾಕ್ಸ್ ಒಂದ ಸ್ವಲ್ಪ ತ್ರಾಸ ಕೊಡ್ತದ, ಪ್ರಾಚಿ. ನೂರು ವರ್ಷದ ಅಮೆರಿಕನ್ ಕಂಪನಿ ಅದು."

"ಜಪಾನಿಂದು ಹಳೇದರ ತಗೊಳ್ರಿ ಅಂತ ಬಡಕೊಂಡೆ."

"ನಮ್ಮಜ್ಜ ಹುಬ್ಬಳ್ಯಾಗ ಸಾವಕಾರ್ರಿಗೆ ಇದ ಕಂಪನಿ ಕಾರ್ ಓಡಿಸ್ತಿದ್ದ."

"ಓಡಿಸ್ತಿದ್ರು, ಖರೆ. ಹಿಂದ ನಾಲ್ಕು ಮಂದಿ ನೂಕ್ತಿದ್ರಂತ. ನಿಮ್ಮವ್ವನ ಹೇಳ್ಯಾರ."

ಕಸ್ತೂರಿ ನಗು ಬಾರದಂತೆ ತುಟಿ ಕಚ್ಚಿಕೊಂಡಳು.

"ಸಾವಕಾಶ ಮಾತಾಡು, ಮಂದಿ ನೋಡ್ತಾರ. ಗಾಡಿ ಎಳಕೊಂಡು ಹೋಗಾವ ಬರ್ತಾನ, ಹತ್ತು ನಿಮಿಷ ತಡಿ. ಆಮ್ಯಾಲ ಟ್ಯಾಕ್ಸಿ ಮಾಡೂನು."

"ಆ ಕಾರ್ ಸಲುವಾಗಿ ಇನ್ನ ಒಂದು ನಿಮಿಷಾನೂ ಕಾಯಂಗಿಲ್ಲ."

ಬಸ್ಸು ಬಂತು. ಕಸ್ತೂರಿ ಪಕ್ಕಕ್ಕೆ ಸರಿದು ಪ್ರಾಚಿಯನ್ನು ಮುಂದೆ ಬಿಟ್ಟಳು. ಗಂಡನೂ ಹಿಂದೆಯೇ ಹೆಜ್ಜೆ ಇಟ್ಟ. ಪ್ರಾಚಿ ಮೆಟ್ಟಿಲ ಮೇಲಿಂದ ತಿರುಗಿದಳು.

"ನೀವು ಇಲ್ಲೇ ಇರ್ರಿ. ಅಜ್ಜನ ಕಂಪನಿ ಕಾರ್ ನೂಕಾಕ ಒಬ್ಬರರ ಬೇಕಲ್ಲ!"